ಮೂರನೇ ಸಾಲಿನ ಹೆಂಗಸು

ಎರಡು ದಿನದಿಂದ ಟೈಲರಮ್ಮನಿಗೆ ಕಡಲ ದಾರಿಯುದ್ದಕ್ಕೂ ಹಳೇ ಸಾಮಾನಿನ ದರ್ಶನವೇ ಆಗಿತ್ತು. ದೀಪಸ್ತಂಭದ ಕಾವಲುಗಾರನ ಮನೆ, ದೋಣಿ ಕಟ್ಟುವ ಕೊಟ್ಟಿಗೆ, ಉಪ್ಪಿನ ಗೋದಾಮು. ಬಾಗಿಲಿಗೊಂದು ಬೋರ್ಡು ಹಾಕಿದರೆ ಎಲ್ಲವೂ ಮ್ಯೂಸಿಯಮ್ಮೇ.

"ನಮ್ಮ ಅಟ್ಟಕ್ಕೂ ಒಂದು ಬೋರ್ಡು ಹಾಕಿಬಿಡೋಣ ಕಣೇ," ಎಂದು ಕಾರು ಓಡಿಸುತ್ತಿದ್ದ ಮಗಳನ್ನು ಕೆಣಕಿದಳು. ತಮಾಷೆ ಬಾಯಲ್ಲಿತ್ತು ಅಷ್ಟೇ, ಕಣ್ಣು ದಾರಿಯ ಒಂದೊಂದೇ ಬಾಗಿಲನ್ನು ಹುಡುಕುತ್ತಿತ್ತು.

ಅವಳು ಹುಡುಕುತ್ತಿದ್ದದ್ದು ಹೆತ್ತ ತಾಯಿಯ ಮುಖ. ತಾನು ತೊಟ್ಟಿಲಲ್ಲಿದ್ದಾಗಲೇ ಆಕೆ ತೀರಿಕೊಂಡಿದ್ದಳು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಸಾಕಿದ ದೊಡ್ಡಮ್ಮನಿಗೆ ಗೊತ್ತಿದ್ದದ್ದು ಇಷ್ಟೇ. ತಂಗಿ ಈ ಕಡಲ ದಂಡೆಯ ಯಾವುದೋ ಮೀನಿನ ಡಬ್ಬಿ ಕಾರ್ಖಾನೆಯಲ್ಲಿದ್ದಳು, ಅದರ ಬಾಗಿಲ ಮೇಲೆ ಕಲ್ಲಿನ ಮೀನೊಂದಿತ್ತು.

ನಾಲ್ಕನೆಯ ಊರಿನಲ್ಲಿ ಆ ಮೀನು ಸಿಕ್ಕಿತು. ಬಾಲ ಮುರಿದಿತ್ತು, ಆದರೂ ಮೀನೇ. ಮುಚ್ಚಿಹೋದ ಕಾರ್ಖಾನೆಯ ಒಂದು ಕೋಣೆಯನ್ನು ಮ್ಯೂಸಿಯಂ ಮಾಡಿದ್ದರು. ಮುಚ್ಚಳ ಒತ್ತುವ ಯಂತ್ರ, ರಬ್ಬರ್ ಬೂಟುಗಳು, ಗೋಡೆಯ ಮೇಲೆ ಕೆಲಸದ ಹೆಂಗಸರ ದೊಡ್ಡ ಫೋಟೋ. ಎಲ್ಲರಿಗೂ ಒಂದೇ ಬಿಳಿ ಏಪ್ರನ್, ಕೂದಲು ಕಾಣದಂಥ ಟೋಪಿ.

"ಹೆಸರು ಬರೆದಿಲ್ವಾ?" ಮಗಳು ಕೇಳಿದಳು.

"ಇಲ್ಲಮ್ಮ. ವರ್ಷಕ್ಕೊಂದು ಫೋಟೋ ತೆಗೀತಿದ್ರಂತೆ. ಉಳಿದಿರೋದು ಇದೊಂದೇ," ಎಂದಳು ಮ್ಯೂಸಿಯಂ ನೋಡಿಕೊಳ್ಳುವಾಕೆ.

ಟೈಲರಮ್ಮ ಒಂದೊಂದೇ ಮುಖ ನೋಡಿದಳು. ಕರುಳು ತಾನಾಗಿಯೇ ಗುರುತು ಹಿಡಿಯುತ್ತದೆ ಎಂದು ನಂಬಿ ಬಂದಿದ್ದಳು. ಕರುಳು ಕಮಕ್ ಕಿಮಕ್ ಎನ್ನಲಿಲ್ಲ. ಅವಳಿಗೆ ಅಳು ಬಂತು.

ಅಷ್ಟರಲ್ಲಿ ಮಗಳು ಕಿಸಕ್ಕನೆ ನಕ್ಕಳು. "ಅಮ್ಮಾ, ಮೂರನೇ ಸಾಲು ನೋಡು, ಕೊನೇಲಿ!"

ಅಷ್ಟೂ ಜನ ಕ್ಯಾಮೆರಾವನ್ನು ದಿಟ್ಟಿಸುತ್ತಿದ್ದರೆ ಆ ಕೊನೆಯ ಹೆಂಗಸೊಬ್ಬಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಟೈಲರಮ್ಮನ ಮದುವೆ ಫೋಟೋಗಳಲ್ಲೂ ಮದುಮಗಳು ನಿದ್ದೆ ಹೋದಂತಿದ್ದಾಳೆ. ಮಗಳ ಲೈಸೆನ್ಸಿಗೆ ಫೋಟೋ ತೆಗೆಯುವವನಂತೂ ಕೊನೆಗೆ ಕೈ ಮುಗಿದಿದ್ದ. ಈ ಚಾಳಿ ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಯಾರೋ ಸುಮ್ನೆ ಕಣ್ಣು ಮಿಟುಕಿಸಿದ್ರೂ ಇರಬಹುದು," ನೋಡಿಕೊಳ್ಳುವಾಕೆ ಮೆಲ್ಲಗೆ ಎಚ್ಚರಿಸಿದಳು.

"ಇರಬಹುದು ಕಣ್ರೀ. ಆದ್ರೆ ಮಿಟುಕಿಸೋರು ಮೂಗು ಹೀಗೆ ಸುಕ್ಕು ಮಾಡ್ತಾರಾ? ನನ್ನ ಮೂಗು ನೋಡಿ!" ಎಂದು ಟೈಲರಮ್ಮ ಕಣ್ಣು ಮುಚ್ಚಿ ತೋರಿಸಿದಳು.

ಟೈಲರಮ್ಮ ಕುರ್ಚಿ ಎಳೆದುಕೊಂಡು ಫೋಟೋದ ಎದುರು ಕೂತಳು. ಅರವತ್ತು ದಾಟಿದ್ದರೂ ಹೆತ್ತವಳನ್ನು ಒಮ್ಮೆಯೂ ಕರೆದ ಬಾಯಲ್ಲ ಅದು. ಮಾತು ತಡವರಿಸಿಕೊಂಡೇ ಬಂತು.

"ಅಮ್ಮಾ, ಕಣ್ಣು ಬಿಡಮ್ಮಾ. ನಾನು ಬಂದಿದ್ದೀನಿ."