ಎಡದಿಂದ ಮೂರನೆಯವಳು

ಇಗ್ನೇಶಿಯಸ್‌ಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೇ. ಅಂಥವನ ತಲೆಗೇ ಸಿನಿಮಾ ಕಟ್ಟಿದ್ದರು. ಅರಬರ ನಾಡಿನ ಅಲ್ ಖರ್ಜ್‌ನ ಹೊರಗೆ ಇಟಲಿಯ ಕಂಪನಿಯೊಂದು ಹಾಲಿನ ಕಾರ್ಖಾನೆ ಕಟ್ಟುತ್ತಿತ್ತು. ಅದರ ಕ್ಯಾಂಪಿನಲ್ಲಿ ಅವನು ಸ್ಟೋರ್ ಕೀಪರ್. ವಾಲ್ವು, ಗ್ಯಾಸ್ಕೆಟ್ಟು, ಬೋಲ್ಟುಗಳ ನಡುವೆ ನೆಮ್ಮದಿಯಾಗಿದ್ದವನನ್ನು ಕರೆದು, ನಿನ್ನ ಕೈಗೆ ಯಂತ್ರಗಳು ಒಗ್ಗುತ್ತವೆ ಎಂದು ಹೊಗಳಿ, ಹದಿನಾರು ಎಂಎಂ ಪ್ರೊಜೆಕ್ಟರೊಂದನ್ನು ಕೊರಳಿಗೆ ಕಟ್ಟಿದ್ದರು. ಶುಕ್ರವಾರ ನಮಾಜು, ಊಟ ಎಲ್ಲ ಮುಗಿದ ಮೇಲೆ ಮೆಸ್ಸಿನ ಕಿಟಕಿಗಳಿಗೆ ರಟ್ಟು ಮುಚ್ಚಿ ಕ್ಯಾಂಪಿನವರಿಗಷ್ಟೇ ಸಿನಿಮಾ. ವಾರಕ್ಕೊಂದು ರಜೆ, ಉಳಿದವರು ಕಾಲು ಚಾಚಿ ಕೂತರೆ ಇವನೊಬ್ಬ ಬೆವರು ಸುರಿಸಿಕೊಂಡು ರೀಲು ಸುತ್ತಬೇಕು.

ತೋರಿಸುವುದಕ್ಕಿಂತ ದೊಡ್ಡ ಕೆಲಸ ಕತ್ತರಿಸುವುದು. ಕತ್ತರಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಯಾರಾದರೂ ಹೇಳುವವರೆಗೆ ಕಾಯುವುದಕ್ಕೆ ಅವನೇನು ಮೂರ್ಖನೇ? ನಾಳೆ ಯಾರೋ ಬಂದು, ಇಲ್ಲಿ ಏನು ತೋರಿಸುತ್ತಿದ್ದೀ ಎಂದು ವಾಸದ ಪರವಾನಗಿ ಇಕಾಮಾವನ್ನೇ ಕಿತ್ತುಕೊಂಡು ಊರಿಗೆ ಅಟ್ಟಿದರೆ ಶಿರ್ವದಲ್ಲಿರುವ ಹೆಂಡತಿ ಪೆಟ್ರೊನಿಲ್ಲಾಳಿಗೆ ಏನು ಹೇಳುವುದು? ಹಾಗಾಗಿ ಅವನೇ ಒಂದು ಪಟ್ಟಿ ಮಾಡಿ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದ್ದ: ಮುತ್ತು, ಬಾಟಲಿ, ಹೆಂಗಸಿನ ಬರಿತೋಳು, ಮೂರ್ತಿ, ಶಿಲುಬೆ. ಇವುಗಳಲ್ಲಿ ಯಾವುದು ಕಂಡರೂ ಕತ್ತರಿ. ಶಿಲುಬೆ ಕತ್ತರಿಸುವಾಗ ಮಾತ್ರ ಎದೆಯ ಮೇಲೆ ಒಮ್ಮೆ ಗುರುತು ಹಾಕಿಕೊಳ್ಳುತ್ತಿದ್ದ. ಬಾಡಿಗೆಗೆ ಬರುವ ರೀಲುಗಳನ್ನು ಬೇರೆ ಕ್ಯಾಂಪುಗಳವರೂ ಕತ್ತರಿಸಿಯೇ ಕಳಿಸುತ್ತಿದ್ದುದರಿಂದ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಕತ್ತರಿಸಿದ ತುಂಡುಗಳು ಅಡುಗೆಯ ಮೊಯ್ದುವಿಗೆ ಸೇರುತ್ತಿದ್ದವು. ಉಳ್ಳಾಲದ ಮೊಯ್ದು ಮೆಸ್ಸಿನ ಹಿಂದೆ, ಪಾತ್ರೆ ತೊಳೆದ ನೀರು ಹೋಗುವ ಕಡೆ, ಬಸಳೆ ಹಾಕಿದ್ದ. ಊರಿಂದ ಬರುವಾಗ ಬೀಜವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದವನು. ಬಳ್ಳಿಯನ್ನು ಚಪ್ಪರಕ್ಕೆ ಕಟ್ಟಲು ಅಲ್ಲಿ ಬಾಳೆನಾರು ಎಲ್ಲಿಂದ ಬರಬೇಕು? ಸೆಣಬಿನ ದಾರ ಆ ಬಿಸಿಲಿಗೆ ಹುಡಿಯಾಗುತ್ತಿತ್ತು. ಫಿಲ್ಮು ಮಾತ್ರ ಜಪ್ಪಯ್ಯ ಎಂದರೂ ಹರಿಯುತ್ತಿರಲಿಲ್ಲ. ಮೊಯ್ದು ಅದನ್ನು ಗೇಣು ಗೇಣಿಗೆ ತುಂಡರಿಸಿ ಬಳ್ಳಿ ಕಟ್ಟುತ್ತಿದ್ದ.

ಇಷ್ಟು ತಾಪತ್ರಯ ಸಾಲದು ಎಂಬಂತೆ ಸಿಗ್ನೋರ್ ಇದ್ದರು. ಮುಖ್ಯ ಎಂಜಿನಿಯರು, ಅರವತ್ತು ವರ್ಷ, ಹೆಸರು ಉದ್ದವಾದ್ದರಿಂದ ಎಲ್ಲರಿಗೂ ಬರೀ ಸಿಗ್ನೋರ್. ಎಂಬತ್ತನಾಲ್ಕರ ಮಾರ್ಚಿಗೆ ಅವರು ನಿವೃತ್ತಿಯಾಗಿ ಊರಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಒಂದು ವರ್ಷದಿಂದ ದಿನಾ ಸ್ಟೋರಿಗೆ ಬಂದು ಕೌಂಟರಿಗೆ ಮೊಣಕೈ ಊರಿ, ತಮ್ಮ ದೇಶದ ಮೂಕಿ ಚಿತ್ರಗಳ ಪುರಾಣ ತೆಗೆಯುತ್ತಿದ್ದರು. ಬೇರೆ ದೇಶದವರು ನಾಲ್ಕು ಗೋಡೆಯೊಳಗೆ ನಾಟಕ ಹಿಡಿಯುತ್ತಿದ್ದಾಗ ಟೂರಿನ್‌ನಲ್ಲಿ ನಾವು ಇಡೀ ನಗರ ಕಟ್ಟಿ ಸುಡುತ್ತಿದ್ದೆವು, ಇಗ್ನೇಶಿಯಸ್. ಸಾವಿರಾರು ಜನ. ನಿಜವಾದ ಆನೆ. ಕ್ಯಾಮರಾವನ್ನು ಗಾಡಿಯ ಮೇಲಿಟ್ಟು ತಳ್ಳಿದೆವು. ಇಗ್ನೇಶಿಯಸ್ ಗ್ಯಾಸ್ಕೆಟ್ಟು ಎಣಿಸುತ್ತ ‘ಯೆಸ್ ಸರ್’ ಎನ್ನುತ್ತಿದ್ದ. ಪ್ರತಿ ಸಲವೂ ಲೆಕ್ಕ ತಪ್ಪುತ್ತಿತ್ತು. ಅಂಥದೊಂದು ಚಿತ್ರದ ಪ್ರತಿ ಕೊನೆಗೂ ಸಿಕ್ಕಿದೆ, ಬರುತ್ತಿದೆ, ಅದರಲ್ಲಿ ನನಗೆ ತೀರ ಬೇಕಾದವರೊಬ್ಬರಿದ್ದಾರೆ ಎಂದೂ ಅವರು ಹೇಳಿದ್ದರು. ಅದಕ್ಕೂ ‘ಯೆಸ್ ಸರ್’ ಎಂದೇ ಹೇಳಿದ್ದ. ಯಾರು ಎಂದು ಕೇಳಿದ್ದರೆ ಇನ್ನೊಂದು ತಾಸು ಹೋಗುತ್ತಿತ್ತು.

ಮಂಗಳವಾರ ಆರು ರೀಲುಗಳ ಪೆಟ್ಟಿಗೆ ಬಂತು. ಆ ಸಂಜೆಯೇ ಇಗ್ನೇಶಿಯಸ್ ಹಾಕಿ ನೋಡಿದ. ಮಾತಿಲ್ಲ. ನಡುನಡುವೆ ಬರುವ ಬರಹ ಇಟಾಲಿಯನ್‌ನಲ್ಲಿ. ಯೋಧರೆಲ್ಲ ಹೊಟ್ಟೆ ಕೆಟ್ಟವರಂತೆ ಓಡುತ್ತಿದ್ದರು. ಅರ್ಧ ರೀಲು ಹೋದ ಮೇಲೆ, ಮೂಕಿ ಚಿತ್ರಕ್ಕೆ ನಿಧಾನದ ಗುಂಡಿ ಒತ್ತಬೇಕು ಎಂದು ನೆನಪಾಗಿ ತನ್ನನ್ನೇ ಬೈದುಕೊಂಡ. ಮೂರನೇ ರೀಲಿನಲ್ಲಿ ಒಂದು ದೊಡ್ಡ ದೇವಾಲಯ, ಒಳಗೆ ಮನೆಯಷ್ಟೆತ್ತರದ ಮೂರ್ತಿ, ಅದರೆದುರು ದೀಪ ಹಿಡಿದು ಕುಣಿಯುವ ಏಳು ಹುಡುಗಿಯರು, ಏಳು ಜನರದ್ದೂ ಬರಿತೋಳು. ಪಟ್ಟಿಯಲ್ಲಿದ್ದ ಎರಡು ಒಂದೇ ಕಡೆ. ಇಪ್ಪತ್ತೇಳು ಅಡಿ ಕತ್ತರಿಸಿ, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸಿ, ಸಿಗ್ನೋರ್‌ಗೇ ಒಂದು ಉಪಕಾರ ಮಾಡಿದೆ ಎಂದುಕೊಂಡು ಮಲಗಿದ.

ಶುಕ್ರವಾರ ಸಿಗ್ನೋರ್ ಕೋಟು ಹಾಕಿ ಟೈ ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತರು. ಹತ್ತು ನಿಮಿಷಕ್ಕೆ ಡ್ರೈವರ್ ಕೋಯ ಹಿಂದಕ್ಕೆ ತಿರುಗಿ, “ಎಂತ ಮಾರಾಯ, ಸೌಂಡ್ ಇಲ್ವಾ?” ಎಂದ. ಇಲ್ಲ ಎಂದರೆ ನಂಬಲಿಲ್ಲ. ವಯರು ನೋಡು, ಪ್ಲಗ್ಗು ನೋಡು ಎಂದು ನಾಲ್ಕು ಜನ ಬುದ್ಧಿ ಹೇಳಿದರು. ಇಗ್ನೇಶಿಯಸ್ ಮುಂದಿನ ರೀಲು ಏರಿಸಿದ. ಎರಡನೇ ರೀಲಿನಲ್ಲಿ ದೈತ್ಯನೊಬ್ಬ ಕೋಟೆಯ ಬಾಗಿಲನ್ನು ಬೆನ್ನ ಮೇಲೆ ಎತ್ತಿದಾಗ ಮಾತ್ರ ಎಲ್ಲರೂ ಸುಮ್ಮನಾದರು.

ಮೂರನೇ ರೀಲು. ಮೆರವಣಿಗೆ ದೇವಾಲಯದ ಬಾಗಿಲಿಗೆ ಬರುತ್ತಿದ್ದಂತೆ ಸಿಗ್ನೋರ್ ಕುರ್ಚಿಯ ತುದಿಗೆ ಸರಿದರು. ಬಾಗಿಲು ತೆರೆಯಿತು. ಮರುಕ್ಷಣ ಪರದೆಯ ಮೇಲೆ ಆನೆ ನೀರು ಕುಡಿಯುತ್ತಿತ್ತು.

ಅವರು ಎದ್ದು ನಿಂತರು. “ಇಗ್ನೇಶಿಯಸ್, ಕುಣಿತ ಎಲ್ಲಿ?”

“ಅದು ತೆಗೆದಿದ್ದೇನೆ ಸರ್. ಇಲ್ಲಿಗೆ ಆಗುವುದಿಲ್ಲ ಅದು.”

ಬೈಯುತ್ತಾರೆ ಎಂದು ಅವನು ಕಾದ. ಬೈದಿದ್ದರೆ ಅವನೂ ಬಾಯಿ ತೆರೆಯುತ್ತಿದ್ದ; ಒಂದು ವರ್ಷದ್ದು ಹೊಟ್ಟೆಯೊಳಗೆ ಇತ್ತು. ಸಿಗ್ನೋರ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. ಆ ಏಳು ಜನರಲ್ಲಿ ಎಡದಿಂದ ಮೂರನೆಯವಳು ಅವರ ತಾಯಿ. ಆಗ ಅವಳಿಗೆ ಹದಿನಾರು ವರ್ಷ, ದಿನಗೂಲಿಗೆ ಕುಣಿದವಳು. ಇವರಿಗೆ ಎರಡು ವರ್ಷವಾಗುವಾಗ ತೀರಿಕೊಂಡಳು. ಇದ್ದ ಒಂದು ಮದುವೆಯ ಫೋಟೋ ಯುದ್ಧದಲ್ಲಿ ಬಾಂಬು ಬಿದ್ದು ಮನೆಯೊಂದಿಗೇ ಹೋಯಿತು. ನಲವತ್ತು ವರ್ಷದಲ್ಲಿ ಆ ಮುಖ ಇವರ ನೆನಪಿನಿಂದಲೂ ಅಳಿಸಿಹೋಗಿತ್ತು. ಕ್ಯಾಮರಾ ನೋಡಬಾರದು ಎಂದು ಎಷ್ಟು ಹೇಳಿದರೂ ಅವಳು ಒಮ್ಮೆ ತಲೆಯೆತ್ತಿ ನೋಡಿಯೇಬಿಟ್ಟಳಂತೆ, ಮತ್ತೆ ಬೈಸಿಕೊಂಡಳಂತೆ. ಚಿಕ್ಕಮ್ಮ ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಆ ಒಂದು ನೋಟಕ್ಕಾಗಿ ಹನ್ನೊಂದು ವರ್ಷ ಹುಡುಕಿದ್ದರು. ಮೂಲ ರೀಲು ಹಾಳಾಗಿ ಹೋಗಿತ್ತು. ಉಳಿದದ್ದು ಈ ಪ್ರತಿಯೊಂದೇ.

“ತುಂಡು ಎಲ್ಲಿದೆ?” ಎಂದರು. “ಸೋಮವಾರ ಬೆಳಿಗ್ಗೆ ನನ್ನ ವಿಮಾನ.”

ಇಗ್ನೇಶಿಯಸ್‌ಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವನಿಗೆ ಬರುವುದು ಸಿಟ್ಟೇ. ಆ ಸಿಟ್ಟನ್ನು ಹೊತ್ತುಕೊಂಡು ಅಡುಗೆಮನೆಗೆ ಹೋದ.

“ಮೊಯ್ದು, ಮಂಗಳವಾರದ ರೀಲು ಎಲ್ಲಿ?”

“ಎಲ್ಲಿ ಅಂದರೆ? ಬಸಳೆಗೆ ಕಟ್ಟಿದ್ದೇನೆ, ಪೊರ್ಬುಗಳೇ. ಗಟ್ಟಿ ಉಂಟು.”

“ಬಿಚ್ಚು.”

“ಈಗ ಬಿಚ್ಚಿದರೆ ಹೇಗೆ? ಎಲ್ಲ ನೆಲಕ್ಕೆ ಬೀಳ್ತದೆ. ಹೊಸ ಕುಡಿಗಳು ಮೊನ್ನೆಯಷ್ಟೇ ಮೇಲೆ ಹತ್ತಿದ್ದು.”

“ಆ ಮನುಷ್ಯನ ಅಮ್ಮ ಇದ್ದಾಳೆ ಮಾರಾಯ ಅದರಲ್ಲಿ.”

ಮೊಯ್ದು ಸೌಟು ಕೆಳಗಿಟ್ಟ. “ಅಮ್ಮನನ್ನಾ ನೀವು ಕತ್ತರಿಸಿದ್ದು?” ಎಂದ. ಇಗ್ನೇಶಿಯಸ್ ಆಗಲೇ ಹಿಂಬಾಗಿಲು ದಾಟಿದ್ದ.

ಹೊರಗೆ ಬಿಸಿಲು. ಬಸಳೆಯ ಬುಡದ ಕೆಸರಿನಲ್ಲಿ ಮೊಣಕಾಲೂರಿ ಇಬ್ಬರೂ ಗಂಟು ಬಿಚ್ಚಿದರು. ಮೊಯ್ದುವಿನ ಗಂಟು ಸಾಮಾನ್ಯದ್ದಲ್ಲ. ಅವನ ಅಪ್ಪ ದೋಣಿ ಕಟ್ಟುತ್ತಿದ್ದವನು. ಉಗುರು ಹರಿಯಿತು. ಹಳೆಯ ಸಿನಿಮಾಗಳ ತುಂಡುಗಳೂ ಸೇರಿಕೊಂಡಿದ್ದವು; ಇಗ್ನೇಶಿಯಸ್ ಒಂದೊಂದನ್ನೂ ಸೂರ್ಯನಿಗೆ ಹಿಡಿದು, ಇದು ಬಾಟಲಿ, ಇದು ಮುತ್ತು, ಇದು ಮತ್ತೂ ಮುತ್ತು ಎಂದು ಗೊಣಗುತ್ತ ಎಸೆದ. ಮೂವತ್ತಾರು ಗೇಣು ಬೇಕಿತ್ತು. ಮೂವತ್ತೈದು ಸಿಕ್ಕಿತು. ಕೊನೆಯದು ಚಪ್ಪರದ ನೆತ್ತಿಯಲ್ಲಿ, ತಾಯಿಬಳ್ಳಿಯ ಕುತ್ತಿಗೆಯಲ್ಲಿತ್ತು. ಮೊಯ್ದು ಅದನ್ನು ಕಾಂಡಗಳ ಹೆಣಿಗೆಯೊಳಗೆ ಮೂರು ಸುತ್ತು ಸುತ್ತಿ ಬಿಗಿದಿದ್ದ.

“ಅದೊಂದು ಬಿಡಿ,” ಎಂದ ಮೊಯ್ದು. “ಅದನ್ನು ಬಿಚ್ಚಬೇಕಾದರೆ ಬಳ್ಳಿಯನ್ನೇ ಕಡಿಯಬೇಕು. ಎರಡು ವರ್ಷ ಸಾಕಿದ್ದೇನೆ. ಒಂದು ಗೇಣಿನಲ್ಲಿ ಎಂತ ಇರ್ತದೆ?”

ಒಂದು ಗೇಣು ಎಂದರೆ ಎರಡು ಸೆಕೆಂಡೂ ಇಲ್ಲ. ಇಗ್ನೇಶಿಯಸ್‌ಗೆ ಬೆನ್ನು ಸೆಟೆದುಕೊಂಡಿತ್ತು. ಸಾಯಲಿ ಎಂದು ಬಿಟ್ಟ.

ಶನಿವಾರ ಇಡೀ ದಿನ ಸ್ಟೋರಿನ ಮೇಜಿನ ಮೇಲೆ ವಾಲ್ವುಗಳನ್ನು ಬದಿಗೊತ್ತಿ ತುಂಡುಗಳನ್ನು ಹರಡಿದ. ಯಾವುದರ ನಂತರ ಯಾವುದು? ದೀಪ ಎಷ್ಟು ಮೇಲೆ ಹೋಗಿದೆ, ಕಾಲು ಎಲ್ಲಿದೆ ಎಂದು ಭೂತಗನ್ನಡಿಯಲ್ಲಿ ನೋಡಿ ಸಾಲಾಗಿಟ್ಟ. ಗಂಟು ಬಿದ್ದ ಕಡೆ ಬಟ್ಟೆ ನೆನೆಸಿ ಒರೆಸಿದ. ಸಾಮಾನು ಕೇಳಲು ಬಂದವರನ್ನೆಲ್ಲ ‘ಬುಕ್ರಾ, ಬುಕ್ರಾ’ ಎಂದು ನಾಳೆಗೆ ಅಟ್ಟಿದ. ಮೂವತ್ತೈದು ತುಂಡುಗಳನ್ನು ಅಂಟಿಸುವಾಗ ಅವನು ಸಿಗ್ನೋರ್ ಅವರನ್ನೂ ಬೈದ, ಟೂರಿನ್ನನ್ನೂ ಬೈದ, ಸಿನಿಮಾ ಕಂಡುಹಿಡಿದವನನ್ನೂ ಬೈದ. ಕೈ ಮಾತ್ರ ಒಂದು ಸಲವೂ ಅವಸರ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನದ ಬಿಡುವಿನಲ್ಲಿ ಮೆಸ್ಸಿನಲ್ಲಿ ಮೂವರೇ. ಇಗ್ನೇಶಿಯಸ್ ಯಂತ್ರ ಹಾಕಿದ. ಮೊಯ್ದು ಬಾಗಿಲಲ್ಲಿ ನಿಂತ.

ದೇವಾಲಯದ ಬಾಗಿಲು ತೆರೆಯಿತು, ಆನೆ ಬರಲಿಲ್ಲ. ಏಳು ಹುಡುಗಿಯರು ತಲೆ ತಗ್ಗಿಸಿ ದೀಪ ಹಿಡಿದು ಬಂದರು. ಪ್ರತಿ ಗೇಣಿಗೂ ಪರದೆ ಕುಲುಕುತ್ತಿತ್ತು. ಎಡದಿಂದ ಮೂರನೆಯವಳು ಎಲ್ಲರಿಗಿಂತ ಕುಳ್ಳಿ. ಅವಳ ಕೂದಲು ಮುಖದ ಮೇಲೆ ಇಳಿದಿತ್ತು. ಸಿಗ್ನೋರ್ ಉಸಿರಾಡುತ್ತಿರುವುದು ಯಂತ್ರದ ಸದ್ದಿನ ನಡುವೆಯೂ ಕೇಳುತ್ತಿತ್ತು. ಅವಳು ಒಂದು ಹೆಜ್ಜೆ ಹಿಂದೆ ಇಟ್ಟಳು, ದೀಪ ಎತ್ತಿದಳು, ಗಲ್ಲ ಮೇಲೆ ಬರತೊಡಗಿತು. ಪರದೆ ಜಿಗಿಯಿತು. ಅವಳು ಆಗಲೇ ಬೆನ್ನು ತಿರುಗಿಸಿ ಮೂರ್ತಿಯ ಕಡೆ ಹೋಗುತ್ತಿದ್ದಳು.

ಮತ್ತೆ ಹಾಕಲು ಹೇಳಿದರು. ಮತ್ತೆ ಹಾಕಿದ. ಮೂರನೆಯ ಸಲವೂ ಗಲ್ಲ ಕಂಡಿತು, ಬೆನ್ನು ಕಂಡಿತು.

“ನಡುವೆ ನೋಡಿರಬೇಕು,” ಎಂದರು ಸಿಗ್ನೋರ್. “ಆ ನಡುವಿನಲ್ಲಿ.” ಆಮೇಲೆ ಎದ್ದು ಕೋಟಿನ ಗುಂಡಿ ಹಾಕಿಕೊಂಡು, “ಇಷ್ಟಾದರೂ ಸಿಕ್ಕಿತು, ಇಗ್ನೇಶಿಯಸ್. ಥ್ಯಾಂಕ್ ಯು,” ಎಂದರು. ಆ ಥ್ಯಾಂಕ್ ಯುವನ್ನು ಇಗ್ನೇಶಿಯಸ್‌ನಿಂದ ತಡೆದುಕೊಳ್ಳಲಾಗಲಿಲ್ಲ. ಒಂದು ಗೇಣಿನಲ್ಲಿ ಏನಿರುತ್ತದೆ ಎಂದು ಅವನಿಗೆ ಗೊತ್ತಾಯಿತು. ಅವನು ಯಂತ್ರ ನಿಲ್ಲಿಸಿ ಬಾಗಿಲ ಕಡೆ ನೋಡಿದ. ಮೊಯ್ದು ಅಲ್ಲಿರಲಿಲ್ಲ.

ಹಿತ್ತಲಿಗೆ ಓಡಿದರೆ ಮೊಯ್ದು ಸ್ಟೂಲಿನ ಮೇಲೆ ನಿಂತಿದ್ದ, ಕೈಯಲ್ಲಿ ಮೀನು ಕೊಯ್ಯುವ ಕತ್ತಿ. ತಾಯಿಬಳ್ಳಿಯನ್ನು ಬುಡದಿಂದಲೇ ಕಡಿದಿದ್ದ. ಚಪ್ಪರದ ಅರ್ಧ ಬಸಳೆ ಅವನ ಹೆಗಲ ಮೇಲೆ ಬಿದ್ದಿತ್ತು. ಕಾಂಡವನ್ನು ಸೀಳಿ ಹೆಣಿಗೆಯೊಳಗಿನಿಂದ ಗೇಣುದ್ದದ ಪಟ್ಟಿಯನ್ನು ಎಳೆದು, ಲುಂಗಿಯಲ್ಲಿ ಒರೆಸಿ, ಇಗ್ನೇಶಿಯಸ್‌ನ ಕೈಗೆ ಕೊಡದೆ ಅವನ ಹಿಂದೆಯೇ ಬಂದು ನಿಂತಿದ್ದ ಸಿಗ್ನೋರ್ ಅವರ ಕೈಗೆ ಕೊಟ್ಟ.

ಸಿಗ್ನೋರ್ ಅದನ್ನು ಆಕಾಶಕ್ಕೆ ಹಿಡಿದರು. ತುಂಬ ಹೊತ್ತು ಹಿಡಿದರು. ಕಣ್ಣೀರು ಟೈಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಕೊಡಿ ಸರ್, ಐದು ನಿಮಿಷದಲ್ಲಿ ಅಂಟಿಸಿ ಓಡಿಸುತ್ತೇನೆ,” ಎಂದ ಇಗ್ನೇಶಿಯಸ್.

“ಬೇಡ. ಓಡಿದರೆ ಎರಡು ಸೆಕೆಂಡಿಗೆ ಮುಗಿದುಹೋಗುತ್ತದೆ. ಇದು ನನ್ನ ಹತ್ತಿರವೇ ಇರಲಿ.” ಅವರು ಪಟ್ಟಿಯನ್ನು ಇಗ್ನೇಶಿಯಸ್‌ನ ಕಣ್ಣೆದುರು ಹಿಡಿದರು. ಬಸಳೆಯ ಹಸಿರು ಕಲೆಯ ನಡುವೆ, ಉಗುರಿನಷ್ಟು ಚೌಕದೊಳಗೆ, ಬೈಸಿಕೊಳ್ಳುತ್ತೇನೆಂದು ಗೊತ್ತಿದ್ದೂ ನಗುತ್ತಿರುವ ಹುಡುಗಿಯೊಬ್ಬಳು ನೇರವಾಗಿ ನೋಡುತ್ತಿದ್ದಳು.

“ಕತ್ತರಿಸುವ ಮೊದಲು ನೀವು ಇವಳನ್ನು ದೊಡ್ಡ ಪರದೆಯ ಮೇಲೆ ನೋಡಿದ್ದೀರಿ, ಅಲ್ಲವೇ?” ಎಂದರು ಸಿಗ್ನೋರ್. “ಇಡಿಯಾಗಿ ನೋಡಿದವರು ನೀವೊಬ್ಬರೇ. ಹೇಗಿದ್ದಳು, ಹೇಳಿ.”

ಇಗ್ನೇಶಿಯಸ್ ನೆನಪು ಮಾಡಿಕೊಂಡ. ಎಷ್ಟು ಹುಡುಕಿದರೂ ಕತ್ತರಿಯೇ ನೆನಪಿಗೆ ಬಂತು, ಕಪಾಟಿನ ಪಟ್ಟಿ ನೆನಪಿಗೆ ಬಂತು.

“ಗೊತ್ತಿಲ್ಲ ಸರ್,” ಎಂದ. “ನಾನು ತೋಳು ಮಾತ್ರ ನೋಡಿದ್ದು.”