ಚಮನಸಾಬನ ನಾಲ್ಕನೆಯ ಗೆರೆ

ಉಪ್ಪು ತರಲು ಹೋದರೆ ಅಂಗಡಿಯವನು ಕೇಳುತ್ತಿದ್ದ. ನೀರಿಗೆ ಹೋದರೆ ಬಾವಿಕಟ್ಟೆಯ ಹೆಂಗಸರು ಕೇಳುತ್ತಿದ್ದರು. ಹಜರತಬಿಗೆ ಸಾಕಾಗಿ ಹೋಗಿತ್ತು. ಎದುರಿನವರು ಬಾಯಿ ತೆರೆಯುವ ಮೊದಲೇ "ನನಗ ಗೊತ್ತಿಲ್ರಿ" ಎಂದು ಹೇಳಿ ಮುಂದೆ ನಡೆದುಬಿಡುತ್ತಿದ್ದಳು. ಅವರು ಕೇಳುತ್ತಿದ್ದುದು ಒಂದೇ ಮಾತು: ಅವಳ ತಮ್ಮ ಚಮನಸಾಬ ಈಗಲಾದರೂ ಗೆರೆ ಕಾಯುವುದನ್ನು ಕಲಿತನೋ ಇಲ್ಲವೋ?

ಇಸವಿ ಸಾವಿರದ ಒಂಬೈನೂರ ಎಂಟೋ ಒಂಬತ್ತೋ ಇದ್ದೀತು. ಇಳಕಲ್ಲಿನ ನೇಕಾರ ಓಣಿಗಳಿಗೆ ಆಗ ಆಟ್ಯಾಪಾಟ್ಯಾದ ಹುಚ್ಚು. ನೆಲದ ಮೇಲೆ ಒಂದರ ಹಿಂದೆ ಒಂದರಂತೆ ಒಂಬತ್ತು ಅಡ್ಡಗೆರೆ ಎಳೆಯುತ್ತಾರೆ. ಒಂದು ಪಂಗಡದವರು ಗೆರೆಗೊಬ್ಬರಂತೆ ನಿಂತು, ಕಾಲು ಗೆರೆ ಬಿಡದ ಹಾಗೆ ಕಾಯಬೇಕು. ಇನ್ನೊಂದು ಪಂಗಡದವರು ಮೈ ಮುಟ್ಟಿಸಿಕೊಳ್ಳದೆ ಒಂಬತ್ತನ್ನೂ ದಾಟಬೇಕು. ಆಮೇಲೆ ಕಾದವರು ಓಡುತ್ತಾರೆ, ಓಡಿದವರು ಕಾಯುತ್ತಾರೆ.

ಓಡುವುದರಲ್ಲಿ ಚಮನಸಾಬನಿಗೆ ಸರಿಗಟ್ಟುವವರು ಬಾದಾಮಿಯಿಂದ ಬಾಗಲಕೋಟೆಯವರೆಗೆ ಇರಲಿಲ್ಲ. ಕೈಗಳ ನಡುವೆ ಮೀನಿನ ಹಾಗೆ ನುಸುಳಿ ಹೋಗುತ್ತಿದ್ದ. ಕಾಯುವ ಸರದಿ ಬಂತೆಂದರೆ ಮಾತ್ರ ಗೆರೆಯ ಮೇಲೆ ನಿಂತು ಗಿಳಿ ಹಾರುವುದನ್ನು ನೋಡುತ್ತಿದ್ದ. ಒಮ್ಮೆ ಬಾಗಲಕೋಟೆಯವರ ಸಂಗಡ ಆಡುವಾಗ, ಗೆರೆಯ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಅಂಗಾಲಿನ ಮುಳ್ಳು ಕೀಳತೊಡಗಿದ್ದ. ಮೂವರು ಅವನ ತಲೆಯ ಪಕ್ಕದಿಂದಲೇ ದಾಟಿ ಹೋದರು. ಅವನು ಮುಳ್ಳು ಸಿಕ್ಕಿತೆಂದು ನಕ್ಕಿದ್ದ.

ಇದು ಬರಿಯ ಆಟದ ಮಾತಾಗಿದ್ದರೆ ಹಜರತಬಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಣ್ಣದ ಮನೆಯ ಜಲಾಲುದ್ದೀನನ ಮಗಳು ಲಾಡಬಿಯನ್ನು ತಮ್ಮನಿಗೆ ತರಬೇಕೆಂದು ಅವಳು ಎರಡು ವರ್ಷದಿಂದ ಅಲ್ಲಿಗೆ ಎಡತಾಕುತ್ತಿದ್ದಳು. ಚಮನಸಾಬನಿಗೂ ಅದೇ ಆಸೆ. ಬಣ್ಣ ಹಾಕಿದ ನೂಲು ತರಲು ಅವನು ಹೋದಾಗ, ಹೆಗಲ ಮೇಲೆ ಸಿಕ್ಕಾಗಬಾರದೆಂದು ಲಾಡಬಿ ಅವನ ನೂಲಿನ ಲಡಿಗಳಿಗೆ ಮಾತ್ರ ಒಂದು ಗಂಟು ಹೆಚ್ಚಿಗೆ ಹಾಕಿ ಕಳಿಸುತ್ತಿದ್ದಳು. ಅದು ಹಜರತಬಿಯ ಕಣ್ಣಿಗೆ ಬಿದ್ದಿತ್ತು.

ಆದರೆ ಜಲಾಲುದ್ದೀನ ಹರೆಯದಲ್ಲಿ ಹೆಸರಾಂತ ಕಾವಲುಗಾರ. ಅವನ ಗೆರೆ ದಾಟಿದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತಂತೆ.

"ಓಡೂದೇನವಾ, ಕುದರಿನೂ ಓಡತೈತಿ," ಎಂದಿದ್ದ ಅವನು. "ಸಂಸಾರ ನಡಿಯೂದು ನಿಂತು ಕಾಯಾವನಿಂದ. ಹುನಗುಂದದವರ ಸಂಗಡ ಆಟ ಐತೆಲ್ಲ, ಅವತ್ತ ನೋಡ್ತೇನಿ. ನಿನ್ನ ತಮ್ಮ ನಿಂತಾ ಅಂದ್ರ ಮಗಳನ್ನ ಕೊಡ್ತೇನಿ. ಇಲ್ಲಂದ್ರ ಹೆಣ್ಣ ಕೇಳಾಕ ಬಂದ ಮುದ್ದೇಬಿಹಾಳದವರಿಗೆ ಹ್ಞೂಂ ಅಂತೇನಿ."

ನೆಲದ ಮೇಲಿನ ಬೂದಿಯ ಗೆರೆಗೂ ಮದುವೆಗೂ ಏನು ನಂಟು ಎಂದು ಕೇಳಲು ಹಜರತಬಿಯ ನಾಲಿಗೆ ತುದಿಯವರೆಗೆ ಬಂದಿತ್ತು. ಕೇಳಲಿಲ್ಲ. ಹೆಣ್ಣು ಕೊಡುವವನು ಅವನು.

ಹುನಗುಂದದ ಕಚೇರಿಯ ಕಾರಕೂನರು ಒಂಬತ್ತು ಮಂದಿ ಎರಡು ಚಕ್ಕಡಿ ಕಟ್ಟಿಕೊಂಡು ಬಂದರು. ಆಟದ ಬಯಲು ಹಜರತಬಿಯ ಮನೆಯ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಗಂಡಸರೆಲ್ಲ ಬಯಲಿನ ಎರಡೂ ಮಗ್ಗುಲಿಗೆ ಗೆರೆಗಳ ತುದಿಗುಂಟ ನಿಂತರು. ಹೆಂಗಸರು ಮಾಳಿಗೆ ಹತ್ತಿದರು. ಮಾಳಿಗೆ ಇದ್ದುದು ಕೊನೆಯ ಗೆರೆಯ ಹಿಂದೆ. ಅಲ್ಲಿಂದ ಒಂಬತ್ತು ಗೆರೆಗಳೂ ಮಗ್ಗದ ಮೇಲೆ ಹಾಸಿದ ನೂಲಿನಂತೆ ಬಿಡಿಬಿಡಿಯಾಗಿ ಕಾಣುತ್ತಿದ್ದವು.

ಚಮನಸಾಬನದು ನಾಲ್ಕನೆಯ ಗೆರೆ. ಅವನ ಹಿಂದೆ ಐದನೆಯದರ ಮೇಲೆ ಯಮನಪ್ಪ. ಐವತ್ತು ದಾಟಿದ ನೇಕಾರ, ಬಲ ಮಂಡಿ ಹಿಡಿದುಕೊಂಡಿತ್ತು. ಎಡಕ್ಕೆ ಕೈ ಚಾಚುತ್ತಿದ್ದ, ಬಲಕ್ಕೆ ಹೊರಳಲು ಆಗುತ್ತಿರಲಿಲ್ಲ. ಇದೇ ಕೊನೆಯ ಆಟ, ಮುಂದೆ ಬೇರೆಯವರನ್ನು ನೋಡುತ್ತೇವೆ ಎಂದು ಪಂಗಡದವರು ಅವನಿಗೆ ಹೇಳಿಯಾಗಿತ್ತು. ಅವನ ಹೆಂಡತಿ ರಾಮವ್ವ ಹಜರತಬಿಯ ಪಕ್ಕದಲ್ಲೇ ಕೂತು ಗಂಡನ ಕಾಲನ್ನೇ ನೋಡುತ್ತಿದ್ದಳು.

ಮೊದಲ ಕಾರಕೂನ ಓಡಿ ಬಂದ. ಚಮನಸಾಬ ಗೆರೆಯ ಬಲಕ್ಕೆ ಸರಿದು ನಿಂತ. ಎಡಗಡೆ ಬಾಗಿಲಿನಷ್ಟು ಜಾಗ. ಕಾರಕೂನ ಅಲ್ಲಿಂದ ನುಸುಳಿ ಮುಂದೆ ಹೋದ. ಹಜರತಬಿ ಹಣೆ ಬಡಿದುಕೊಂಡಳು. ಅಷ್ಟರಲ್ಲಿ ಯಮನಪ್ಪನ ಎಡಗೈ ಕಾರಕೂನನ ಬೆನ್ನಿಗೆ ತಾಗಿತ್ತು.

ಎರಡನೆಯವನು ಬಂದಾಗಲೂ ಹಾಗೆಯೇ ಆಯಿತು. ಮೂರನೆಯವನು ಚಮನಸಾಬನ ಬಲಗಡೆಯಿಂದ ನುಗ್ಗಲು ನೋಡಿದ. ಚಮನಸಾಬ ಗೋಡೆಯಾಗಿ ನಿಂತ. ಆ ಮನುಷ್ಯ ಹೊಯ್ದಾಡಿ, ಬೇಸತ್ತು, ಎಡಕ್ಕೇ ತಿರುಗಿ ಯಮನಪ್ಪನ ಕೈಗೆ ಸಿಕ್ಕ. ಹಜರತಬಿ ಹಣೆಯ ಮೇಲಿನ ಕೈ ಇಳಿಸಿದಳು. ಈ ಹುಡುಗ ಗಿಳಿ ನೋಡುತ್ತಿಲ್ಲ. ಬರುವವರನ್ನು ಕುರಿ ಅಟ್ಟಿದಂತೆ ಅಟ್ಟಿ ಯಮನಪ್ಪನ ಒಳ್ಳೆಯ ಕೈಗೆ ಒಪ್ಪಿಸುತ್ತಿದ್ದಾನೆ!

"ಆರ ಮಂದಿ! ಹಜರತಬಿ, ಆರ ಮಂದಿನ್ನ ಮುಟ್ಟ್ಯಾರ ನಮ್ಮವ್ರು!" ಎಂದು ರಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಗಂಡನನ್ನು ಬಿಟ್ಟು ಬೇರೆ ಯಾರನ್ನೂ ನೋಡಿರಲಿಲ್ಲ.

ಇಳಕಲ್ಲಿನವರು ಗೆದ್ದರು. ಆದರೆ ಅಂಗಡಿಯ ಕಟ್ಟೆಯ ಮೇಲೆ ಲೆಕ್ಕ ಬೇರೆಯೇ ನಡೆದಿತ್ತು.

"ಎರಡೂ ಸರದಿ ಕೂಡಿ ಹನ್ನೊಂದ ಸಲ ಚಮನ್ಯಾನ ಗೆರಿ ದಾಟ್ಯಾರ ಲೇ. ಒಬ್ಬನ್ನರೆ ಮುಟ್ಟ್ಯಾನೇನು?"

"ಅಂವಾ ಎಲ್ಲಿ ಮುಟ್ಟ್ಯಾನು! ಮುದುಕ ಯಮನಪ್ಪ ಹಿಂದ ಇದ್ದಾ, ಮಾನ ಉಳೀತು."

ಜಲಾಲುದ್ದೀನನೂ ಮಗ್ಗುಲಿನಲ್ಲಿ ನಿಂತು ಅದನ್ನೇ ಎಣಿಸಿದ್ದ. ಮರುದಿನ ಹೇಳಿ ಕಳಿಸಿದ: ಮುದ್ದೇಬಿಹಾಳದವರಿಗೆ ಮುಂದಿನ ಶುಕ್ರವಾರ ಮಾತು ಕೊಡುವವನಿದ್ದೇನೆ, ಬೇಜಾರು ಮಾಡಿಕೊಳ್ಳಬಾರದು.

ಹಜರತಬಿ ಮಗ್ಗದ ಕುಣಿಯಲ್ಲಿ ಕೂತಿದ್ದ ತಮ್ಮನ ಎದುರು ಹೋಗಿ ನಿಂತಳು.

"ಎಡಗಡೆ ಬೇಕಂತನ ಬಿಟ್ಟಿ. ಹೌದೋ ಅಲ್ಲೋ?"

ಲಾಳಿ ನಿಂತಿತು. "ನಿನಗ ಯಾರ ಹೇಳಿದ್ರು?"

"ನನಗ ಕಣ್ಣಿಲ್ಲೇನು?"

"ಬೂಬೂ, ಯಾರ ಮುಂದೂ ಅನಬ್ಯಾಡ." ಅವನು ಅಕ್ಕನನ್ನು ಹಾಗೆ ಕರೆಯುತ್ತಿದ್ದ. "ಅವತ್ತ ನಾ ಮುಳ್ಳ ತಗ್ಯಾಕ ಕುಂತಾಗ, ಎಲ್ಲಾರೂ ನನ್ನ ಬಯ್ಯಾಕ ಬಂದ್ರಲ್ಲ? ಯಮನಪ್ಪ ಕಾಕಾ ಅಡ್ಡ ಬಂದು, ನಾನ ಅವಗ ಮುಳ್ಳ ತಗಿ ಅಂದಿದ್ದೆ, ತಪ್ಪು ನಂದು ಅಂದ. ಅಂವಾ ಅಂದೇ ಇರಲಿಲ್ಲ. ಆ ಬೈಗಳ ಎಲ್ಲಾ ತಾನ ತಿಂದ. ಆಮ್ಯಾಲೆ ಪಂಗಡದಿಂದ ಅವನ್ನ ಬಿಡೂ ಮಾತು ಎತ್ತಿದ್ರು."

"ಅದಕ್ಕ?"

"ಅದಕ್ಕ ನಿಲ್ಲಾಕ ಕಲತೆ. ಎರಡ ತಿಂಗಳಾತು. ಈಗ ಅವನ್ನ ಬಿಡೂದಿಲ್ಲ ಅಂತ ಹೇಳ್ಯಾರ. ನೀ ಬಾಯಿ ಬಿಟ್ಟಿ ಅಂದ್ರ ಆ ಆರೂ ಅವನವು ಉಳಿಯೂದಿಲ್ಲ."

"ನಿನ್ನ ಮದವಿ ಹೊಂಟೈತೋ ಹುಚ್ಚಾ!"

"ಮದವಿ ಹೋಗಲಿ ಅಂತ ಯಾರಂದ್ರು? ನೀ ಏನರೆ ಮಾಡು."

"ಹೇಳೂದೂ ಬ್ಯಾಡ ಅಂತಿ, ಮದವಿನೂ ಬೇಕಂತಿ! ನಾ ಏನ ಗಾರುಡಿಗಿತ್ತೇನೋ?"

ತಮ್ಮ ಲಾಳಿ ಎಸೆದ. ಮಗ್ಗದ ಸದ್ದಿನಲ್ಲಿ ಅವಳ ಉಳಿದ ಬೈಗಳು ಕೇಳದೆ ಹೋದವು.

ಸಿಟ್ಟಿಗೆದ್ದು ಅವಳು ನೆಟ್ಟಗೆ ಬಣ್ಣದ ಮನೆಗೆ ನಡೆದಳು. ಹೇಳಿಯೇಬಿಡುತ್ತೇನೆ, ಆಮೇಲೆ ಏನಾದರೂ ಆಗಲಿ. ಪಡಸಾಲೆಯಲ್ಲಿ ಜಲಾಲುದ್ದೀನನ ಪಕ್ಕದಲ್ಲಿ ಯಮನಪ್ಪ ಕೂತಿದ್ದ. ಕುಂಟುಗಾಲು ಮುಂದೆ ಚಾಚಿ, ಎಡಗೈ ಬೀಸಿ, ನಾಲ್ಕನೆಯ ಕಾರಕೂನನನ್ನು ಹೇಗೆ ಹಿಡಿದೆನೆಂದು ಹೇಳುತ್ತಿದ್ದ. ಇಷ್ಟು ವರ್ಷ ನೋಡಿದರೂ ಆ ಮುಖದಲ್ಲಿ ಅಂಥ ಹೊಳಪನ್ನು ಅವಳು ಕಂಡಿರಲಿಲ್ಲ.

"ಏನವಾ ಬಂದಿ?" ಎಂದ ಜಲಾಲುದ್ದೀನ.

ಹಜರತಬಿ ನಿಂತಳು. ಬಾಯಿಗೆ ಬಂದದ್ದು ಬೇರೆಯೇ ಮಾತು.

"ನೀವು ಕೊಟ್ಟ ಕೆಂಪ ನೂಲು ಪಟ್ಟಿಪಟ್ಟಿ ಆಗೇತ್ರಿ. ಬಣ್ಣ ಸರಿ ಕುಂತಿಲ್ಲ."

ಜಲಾಲುದ್ದೀನನಿಗೆ ಮಗನಿಲ್ಲವೆಂದು ಯಾರಾದರೂ ಆಡಿಕೊಂಡರೂ ತಡೆದುಕೊಂಡಾನು, ಬಣ್ಣ ಕೆಟ್ಟಿತೆಂದರೆ ತಡೆಯಲಾರ.

"ನನ್ನ ಬಣ್ಣ? ಎಲ್ಲೈತಿ? ತೋರಸು!"

"ಮಾಳಿಗಿ ಮ್ಯಾಲೆ ಒಣಗಾಕ ಹಾಕೇನ್ರಿ. ಸಂಜಿ ಬಿಸಲಿನ್ಯಾಗ ಚಂದಂಗ ಕಾಣತೈತಿ, ಆವಾಗ ಬರ್ರಿ."

ಸಂಜೆ ಬಯಲಿನಲ್ಲಿ ಅಭ್ಯಾಸದ ಆಟ ನಡೆಯುವ ಹೊತ್ತಿಗೆ ಅವನು ದಡದಡ ನಿಚ್ಚಣಿಕೆ ಏರಿ ಬಂದ. ಲಡಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದ, ತಿರುವಿದ, ಹಿಂಜಿ ನೋಡಿದ.

"ಎಲ್ಲಿ ಪಟ್ಟಿ?"

"ಆ ತುದಿಗೆ ನೋಡ್ರಿ. ಗ್ವಾಡಿ ಕಡೆ."

ಗೋಡೆಯ ತುದಿಗೆ ಹೋದರೆ ಕೆಳಗೆ ಬಯಲು. ಬಯಲು ಕಂಡ ಮೇಲೆ ನೋಡದೆ ಇರಲು ಅವನಿಂದ ಆಗದು. ಆದರೆ ಇಷ್ಟು ವರ್ಷ ನೆಲದ ಮೇಲೆ ನಿಂತೇ ಆಟ ನೋಡಿದವನು, ಮೇಲಿನಿಂದ ಇದೇ ಮೊದಲು. ಒಬ್ಬ ಓಡಿ ಬಂದ, ಚಮನಸಾಬ ಬಲಕ್ಕೆ ಸರಿದ. "ಥೂ, ಮತ್ತ ಬಿಟ್ಟ," ಎಂದು ಜಲಾಲುದ್ದೀನ ಗೊಣಗಿದ. ಇನ್ನೊಬ್ಬ ಬಂದ. ಗೊಣಗಾಟ ನಿಂತಿತು. ಮೂರನೆಯವನು ಬಂದಾಗ ಜಲಾಲುದ್ದೀನನ ಕೈಯಲ್ಲಿದ್ದ ಲಡಿ ಕಾಲ ಬಳಿ ಜಾರಿಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ನಾಲ್ಕನೆಯವನು, ಐದನೆಯವನು. ಯಮನಪ್ಪನ ಎಡಗೈ, ಮತ್ತೆ ಯಮನಪ್ಪನ ಎಡಗೈ.

"ಅವನ ಬಲ ಮಂಡಿ..." ಎಂದು ಅರ್ಧಕ್ಕೆ ನಿಲ್ಲಿಸಿದ. ಹಜರತಬಿಯ ಕಡೆ ತಿರುಗಿ, "ಎಷ್ಟ ದಿನದಿಂದ ನಡದೈತಿದು?"

"ಎರಡ ತಿಂಗಳಾತಂತ್ರಿ."

"ಹೇಳಬಾರದೇನವಾ?"

ಹಜರತಬಿಗೆ ಲಡಿಯಿಂದಲೇ ಅವನ ತಲೆಗೆ ಎರಡು ಬಿಡಬೇಕೆನಿಸಿತು. "ಹೇಳಿದ್ರ ಕೆಡತಿತ್ರಿ," ಎಂದಷ್ಟೇ ಅಂದಳು.

"ಯಮನಪ್ಪಗ ಗೊತ್ತೈತೇನು?"

"ಇಲ್ರಿ."

"ಗೊತ್ತಾಗೂದೂ ಬ್ಯಾಡ." ಬಗ್ಗಿ ಲಡಿ ಎತ್ತಿ, ಧೂಳು ಕೊಡವಿ, ಮೆಲ್ಲಗೆ ಹಗ್ಗದ ಮೇಲೆ ಹಾಕಿದ. "ಬಣ್ಣ ಸರಿ ಐತಿ."

"ಹೌದ್ರಿ."

"ನನ್ನ ಬಣ್ಣ ಎಂದೂ ಕೆಡೂದಿಲ್ಲ. ಇನ್ನೊಮ್ಮಿ ನಾಕ ಮಂದಿ ಮುಂದ ಹಂಗ ಅನಬ್ಯಾಡ." ನಿಚ್ಚಣಿಕೆಯ ಮೇಲೆ ಕಾಲಿಟ್ಟವನು ತಿರುಗಿದ. "ಶುಕ್ರವಾರ ಸಕ್ಕರಿ ತಗೊಂಡು ಬಾ."

ಶುಕ್ರವಾರ ಸಕ್ಕರೆ ಹಂಚಿ ಮದುವೆ ನಿಶ್ಚಯವಾದ ಮೇಲೂ ಊರು ಸುಮ್ಮನಾಗಲಿಲ್ಲ. ಗೆರೆ ಕಾಯಲು ಬಾರದವನಿಗೆ ಹೆಣ್ಣು ಕೊಟ್ಟ ಜಲಾಲುದ್ದೀನನಿಗೆ ಅರಳು ಮರಳು ಎಂದು ಅಂಗಡಿಯ ಕಟ್ಟೆ ತೀರ್ಮಾನಿಸಿತು. ಬಾವಿಕಟ್ಟೆಯಲ್ಲಿ ಹೆಂಗಸರು, "ನಿನ್ನ ತಮ್ಮ ಮದವಿ ಆದ ಮ್ಯಾಲರೆ ಸುಧಾರಿಸ್ತಾನೇನ?" ಎಂದು ಕೇಳತೊಡಗಿದರು. ಹಜರತಬಿ ಕೊಡವನ್ನು ಕಟ್ಟೆಗೆ ಕುಕ್ಕಿ ಇಟ್ಟು, "ನನಗ ಗೊತ್ತಿಲ್ರಿ!" ಎಂದಳು.

ಸಂಜೆ ಯಮನಪ್ಪ ಕುಂಟುತ್ತ ಮನೆಗೆ ಬಂದ. ಮದುಮಗನ ಕೈಗೆ ತೆಂಗಿನಕಾಯಿ ಕೊಟ್ಟು, ಹತ್ತಿರ ಎಳೆದು ಕೂರಿಸಿಕೊಂಡ.

"ತಮ್ಮಾ, ಓಡೂದರಾಗ ನೀ ಹುಲಿ. ಆದ್ರ ಮುಟ್ಟೂದು ಒಂದ ನಿನಗ ಬರವಲ್ದು. ಮಂದಿ ಆಡಿಕೊಂಡ್ರ ನನ್ನ ಹೊಟ್ಟಿ ಉರೀತೈತಿ. ನಾಳಿಂದ ಹೊತ್ತ ಹುಟ್ಟೂದಕ್ಕ ಬಯಲಿಗೆ ಬಾ, ನಾ ಕಲಸ್ತೇನಿ. ಎಡಗೈ ಹಿಂಗ ಇರಬೇಕು. ನೋಡು, ಹಿಂಗ."

ಚಮನಸಾಬ ಎಡಗೈ ಚಾಚಿ ತೋರಿಸಿದ. "ಹಿಂಗೇನು ಕಾಕಾ?"

"ಅಲ್ಲೋ, ಅಲ್ಲ. ಇನ್ನಷ್ಟು ಕೆಳಗ."

ಹಜರತಬಿ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಚಹಾಕ್ಕೆ ನೀರಿಟ್ಟು, ಯಮನಪ್ಪನ ಬಟ್ಟಲಿಗೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದಳು.