ಕಿಟಕಿಯ ಮೆಂಬರು

"ಲೇ ಮುದ್ದ, ಕೈ ಅಷ್ಟು ಒಳಕ್ಕೆ ಬಿಡಬ್ಯಾಡ ಕಣ್ಲಾ. ಗ್ವಾಡೆ ಮ್ಯಾಲೆ ಸ್ವಾಮಿಗಳ ಪಟ ಐತೆ."

ಛೇರ್ಮನ್ ರೇವಣಪ್ಪ ಹೀಗೆ ಅಂದದ್ದೇ ತಡ, ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಚಾಚಿಕೊಂಡಿದ್ದ ಕೈ ಒಂದು ಗೇಣು ಹಿಂದಕ್ಕೆ ಸರಿಯಿತು. ಮೊಣಕೈವರೆಗೆ ಕಾಣುತ್ತಿದ್ದದ್ದು ಈಗ ಮಣಿಕಟ್ಟಿನವರೆಗೆ ಮಾತ್ರ ಕಂಡಿತು. ಸೆಕ್ರೆಟರಿ ತಮ್ಮಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿ, ಅಷ್ಟಿದ್ದರೂ ಎಣಿಕೆಗೆ ಸಾಕು ಅನ್ನಿಸಿ, ಸರ್ವಾನುಮತ ಎಂದು ಬರೆದುಕೊಂಡ.

"ಆತು. ಹೋಗಿ ಕಾಯಿ ಸುಲಿ ಹೋಗು," ಎಂದ ರೇವಣಪ್ಪ.

ಕೈ ಹೊರಗೆ ಹೋಯಿತು. ಕೈಯ ಹಿಂದೆ ಇದ್ದ ಮುದ್ದನೂ ಹೋದ.

ಪಂಚಾಯ್ತಿ ಆಫೀಸು ಇದ್ದದ್ದು ಬಸವಣ್ಣನ ಗುಡಿಗೆ ಅಂಟಿಕೊಂಡ ಕೋಣೆಯಲ್ಲಿ. ಬೇರೆ ಕಟ್ಟಡ ಮಂಜೂರಾಗಿರಲಿಲ್ಲ ಅಂತಲ್ಲ. ಮಂಜೂರಾಗಿ, ಅಜ್ಜಂಪುರದಿಂದ ಲಾರಿಯಲ್ಲಿ ಕಲ್ಲೂ ಬಂದಿತ್ತು. ಆ ಕಲ್ಲು ಸದ್ಯಕ್ಕೆ ರೇವಣಪ್ಪನ ದನದ ಕೊಟ್ಟಿಗೆಯವರೆಗೆ ಮುಟ್ಟಿ ಅಲ್ಲಿ ಗೋಡೆಯಾಗಿ ನಿಂತಿತ್ತು. ಉಳಿದದ್ದು ಬರುವ ತನಕ ಮೀಟಿಂಗು ಗುಡಿಯ ಕೋಣೆಯಲ್ಲೇ. ಗುಡಿಯ ಮೆಟ್ಟಿಲನ್ನು ಕೇರಿಯವರು ಹತ್ತುವಂತಿರಲಿಲ್ಲ. ಆದರೆ ಕೇರಿಯವನೊಬ್ಬ ಮೆಂಬರು ಇರಲೇಬೇಕು ಎಂದು ಕಾನೂನು ಹೇಳುತ್ತಿತ್ತು. ಕಾನೂನೂ ಮುರಿಯಬಾರದು, ಮಡಿಯೂ ಕೆಡಬಾರದು ಎಂದು ಯೋಚನೆ ಮಾಡಿ ರೇವಣಪ್ಪನೇ ಕಂಡುಕೊಂಡ ದಾರಿ ಈ ಕಿಟಕಿ. ಮುದ್ದನಿಗೆ ನಿಲ್ಲಲು ಕೆಳಗೊಂದು ಚಪ್ಪಡಿಯನ್ನೂ ಹಾಕಿಸಿಕೊಟ್ಟಿದ್ದ. ಪಕ್ಕದೂರಿನ ಕೇರಿ ಮೆಂಬರಿಗೆ ಅಷ್ಟೂ ಇರಲಿಲ್ಲ. ಅವನು ದೂರದ ಬೇವಿನ ಮರದ ಬುಡದಲ್ಲಿ ಕೂತಿರುತ್ತಿದ್ದ, ಅವನ ಕೈಯನ್ನು ಒಳಗಿನವರು ಊಹಿಸಿಕೊಳ್ಳುತ್ತಿದ್ದರು.

ಮುದ್ದ ಮೆಂಬರಾದದ್ದು ರೇವಣಪ್ಪನ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಾಗ. ನೆಟ್ಟ ಹಾರೆಗೆ ಕಾಯಿ ಕುಕ್ಕುತ್ತಿದ್ದವನನ್ನು ಕರೆದು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, "ಇನ್ಮ್ಯಾಲೆ ನೀನು ಮೆಂಬರು ಕಣ್ಲಾ," ಎಂದಿದ್ದ ರೇವಣಪ್ಪ.

"ಯಾವ ತ್ವಾಟದಾಗೆ ಬುದ್ಧಿ?" ಎಂದು ಕೇಳಿದ್ದ ಮುದ್ದ.

ಜಗಲಿಯಲ್ಲಿದ್ದವರು ಬಹಳ ಹೊತ್ತು ನಕ್ಕಿದ್ದರು. ಕೆಲಸವೇನೂ ಕಷ್ಟದ್ದಾಗಿರಲಿಲ್ಲ. ಬೀದಿಯಾಚೆ ಹಿಟ್ಟಿನ ಗಿರಣಿ ಇದ್ದದ್ದರಿಂದ ಒಳಗಿನ ಮಾತು ಕೂಗಿ ಹೇಳದೆ ಕಿಟಕಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ರೇವಣಪ್ಪ ಜೋರಾಗಿ ಕೆಮ್ಮುತ್ತಿದ್ದ. ಕೆಮ್ಮಿದಾಗ ಕೈ ತೂರಿಸುವುದು, ಸಾಕು ಅಂದಾಗ ತೆಗೆಯುವುದು.

*

ಮುದ್ದನ ಹೆಂಡತಿ ಕೆಂಚಮ್ಮ ಊರ ಬಾವಿಯ ಕಟ್ಟೆಯಿಂದ ದೂರ ನಿಂತಿದ್ದಳು. ಕೊಡ ಕಟ್ಟೆಯ ಬುಡದಲ್ಲಿತ್ತು. ಕೇರಿಯ ಹೆಂಗಸರು ಕೊಡ ಇಟ್ಟು ಹಿಂದೆ ಸರಿದು ನಿಲ್ಲಬೇಕು. ಸೇದುವವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಮೇಲಿಂದ ಸುರಿಯುತ್ತಾರೆ. ಮಗಳು ದ್ಯಾಮಿಯನ್ನು ಸ್ಕೂಲಿಗೆ ಸೇರಿಸಿ ಆಗಲೇ ಎರಡು ವರ್ಷವಾಗಿತ್ತು. ಹುಡುಗಿ ಹೆಚ್ಚಾಗಿ ಹೋಗುತ್ತಿದ್ದದ್ದು ಮಾತ್ರ ಇಲ್ಲಿಗೆ. ಇವತ್ತು ಅವಳಿಗೆ ಜ್ವರ.

"ಅವ್ವಾರೇ, ಒಂದು ಕೊಡ ಸುರೀರಿ. ಹೊತ್ತುಟ್ಟಿದಾಗಿಂದ ನಿಂತಿವ್ನಿ."

ರೇವಣಪ್ಪನ ಹೆಂಡತಿ ಸುಲೋಚನಮ್ಮ ಹಗ್ಗ ಎಳೆಯುತ್ತಲೇ ಅಂದಳು: "ಇನ್ನೂ ಯಾವ ಕಾಲದ ತನಕ ಸುರೀಬೇಕೇ ನಿಮಗೆ? ಸರ್ಕಾರದೋರು ನಿಮ್ಮ ಕೇರಿಗೇ ಬೋರು ಕೊಟ್ರೆ, ನಿನ್ನ ಗಂಡನೇ ಬ್ಯಾಡ ಅಂತ ಕೈ ಎತ್ತವ್ನಂತೆ. ನಮ್ಮ ಹೊಸ ತ್ವಾಟದ ತಾವ ಹಾಕ್ಸಿ ಅಂದ್ನಂತೆ. ಎಂಥಾ ಧರ್ಮಾತ್ಮನ್ನ ಕಟ್ಕಂಡಿದೀಯ ನೋಡು!"

ಕಟ್ಟೆಯ ಮೇಲಿದ್ದವರು ನಕ್ಕರು.

"ಸುಳ್ಳು ಹೇಳ್ಬ್ಯಾಡಿ ಅವ್ವಾರೇ."

"ನಾನ್ಯಾಕೆ ಸುಳ್ಳು ಹೇಳ್ಲೇ? ಹೋಗಿ ಅವನ್ನೇ ಕೇಳ್ಕಂಡು ಬಾ. ಕೊಡ ಇಲ್ಲೇ ಇರ್ಲಿ, ಯಾರೂ ಮುಟ್ಟಾಕಿಲ್ಲ."

ಕೆಂಚಮ್ಮ ಬಗ್ಗಿ ಖಾಲಿ ಕೊಡ ಎತ್ತಿಕೊಂಡು ಹೊರಟಳು.

*

ಮುದ್ದ ಗುಡಿಸಲ ಮುಂದೆ ಕೂತು ಉಗುರಿನ ಸಂದಿಗೆ ಹೊಕ್ಕಿದ್ದ ನಾರು ತೆಗೆಯುತ್ತಿದ್ದ.

"ಮೊನ್ನೆ ಮೀಟಿಂಗ್‌ನಾಗೆ ಕೈ ಎತ್ತಿದ್ಯಾ?" ಎಂದು ಕೇಳಿದಳು ಕೆಂಚಮ್ಮ.

"ಎತ್ತಿದೆ. ಯಾವಾಗ್ಲೂ ಎತ್ತೀನಲ್ಲ."

"ಯಾತಕ್ಕೆ ಎತ್ತಿದೆ?"

"ಕೆಮ್ಮಿದ್ರು."

ಕೆಂಚಮ್ಮ ಕೊಡವನ್ನು ಅವನ ಮುಂದೆ ಕುಕ್ಕಿದಳು. "ಕೆಮ್ಮಿದ್ರಾ! ನಾಳೆ ಅವ್ರು ಸೀನಿದ್ರೆ ನನ್ನೂ ಮಗಳನ್ನೂ ಬರ್ಕೊಟ್ಟು ಬತ್ತೀಯೇನೋ? ಬೋರು ಕೇರಿಗೆ ಬಂದಿತ್ತಂತೆ. ನೀನು ಅವರ ತ್ವಾಟಕ್ಕೆ ದಾನ ಕೊಟ್ಟೀಯಂತೆ. ಊರ ಹೆಂಗಸ್ರಿಗೆಲ್ಲ ಗೊತ್ತೈತೆ, ಕೊಟ್ಟೋನಿಗೆ ಗೊತ್ತಿಲ್ಲ!"

ಮುದ್ದ ತನ್ನ ಬಲಗೈ ನೋಡಿಕೊಂಡ. ಎಂದಿನ ಕೈಯೇ. ಹೆಬ್ಬೆರಳಿನ ಉಗುರು ಸಿಪ್ಪೆ ಹೊಡೆದು ಸೀಳಿತ್ತು.

"ಒಳಗೆ ಏನು ಮಾತಾಡ್ತಾರೆ ಅಂತ ಕೇಳಿಸಾಕಿಲ್ಲ ಕಣೇ. ಎದ್ರಿಗೇ ಗಿರಣಿ ಐತೆ."

"ಕೇಳಿಸ್ದಿದ್ರೆ ಕೇಳ್ಬೇಕು. ಬಾಯಿ ಯಾತಕ್ಕೆ ಐತೆ, ಬರೀ ತುತ್ತು ಇಡಾಕಾ?"

ಒಳಗಿಂದ ದ್ಯಾಮಿ ನೀರು ಕೇಳಿದಳು. ಕೆಂಚಮ್ಮ ಮಡಕೆಯ ತಳದಲ್ಲಿ ಉಳಿದಿದ್ದದ್ದನ್ನು ಬಗ್ಗಿಸಿ ಕೊಟ್ಟು, ಪಕ್ಕದ ಗುಡಿಸಲಿಗೆ ಇನ್ನೊಂದು ಲೋಟ ಕೇಳಲು ಹೋದಳು.

ಮುದ್ದ ಕೂತೇ ಇದ್ದ. ಪ್ರಶ್ನೆ ಕೇಳುವುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಇವತ್ತು ಯಾವ ತೋಟ, ಎಷ್ಟು ಕಾಯಿ, ಸಿಪ್ಪೆ ಎಲ್ಲಿ ಹಾಕಲಿ ಎಂದು ದಿನಾ ಕೇಳುತ್ತಿದ್ದ. ಅದಕ್ಕೆಲ್ಲ ಉತ್ತರವೂ ಸಿಗುತ್ತಿತ್ತು. ಯಾತಕ್ಕೆ ಎಂದು ಮಾತ್ರ ಕೇಳಿದ ನೆನಪಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಕೇಳಬಹುದು ಎಂದೇ ತೋಚಿರಲಿಲ್ಲ. ಬಾಯೊಳಗೇ ಒಂದು ಸಲ ಅಂದು ನೋಡಿದ. ಯಾತಕ್ಕೆ. ಮಾತೇನೋ ಚಿಕ್ಕದಾಗಿಯೇ ಇತ್ತು.

*

ಮಾರನೆಯ ದಿನ ರೇವಣಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಮುದ್ದ ಅಂಗಳದಲ್ಲಿ ಹಾರೆ ಬಿಟ್ಟು ನೆಟ್ಟಗೆ ನಿಂತ.

"ಬುದ್ಧಿ, ಕೇರಿ ಬೋರು ನಿಮ್ಮ ತ್ವಾಟಕ್ಕೆ ಯಾತಕ್ಕೆ ಹೋಯ್ತು?"

ರೇವಣಪ್ಪನಿಗೆ ಸಿಟ್ಟು ಬರಲಿಲ್ಲ. ಅವನು ಮುದ್ದನ ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ಕತ್ತು ಚಾಚಿ ನೋಡಿದ. ಅಲ್ಲಿ ಸಿಪ್ಪೆಯ ರಾಶಿ ಇತ್ತು.

"ಯಾರ್ಲಾ ಹೇಳ್ಕೊಟ್ಟೋರು?"

"ಯಾರೂ ಇಲ್ಲ ಬುದ್ಧಿ."

"ಆ ಕುರಿಯೋನು, ಸಣ್ಣಬೀರಪ್ಪ, ಹೇಳ್ಕೊಟ್ನಾ? ಮೀಟಿಂಗ್‌ನಾಗೆ ಅವನು ಮಕ ಗಂಟಾಕ್ಕಂಡು ಕೂತಿದ್ದಾಗ್ಲೇ ಅಂದ್ಕಂಡೆ."

"ಇಲ್ಲ ಬುದ್ಧಿ."

"ಮತ್ತೆ ಅಜ್ಜಂಪುರದ ಸಂತೇಲಿ ಬಾವುಟ ಹಿಡ್ಕಂಡು ಕೂಗೋರು ಸಿಕ್ಕಿದ್ರಾ? ಕಾಲೇಜು ಹುಡುಗ್ರು ಯಾರಾದ್ರೂ ಬಂದಿದ್ರಾ ಕೇರಿಗೆ?"

"ನಾನೇ ಕೇಳಿದ್ದು."

"ನೀನೇ ಹೆಂಗೋ ಕೇಳ್ತೀಯ ಬೋಳಿಮಗನೇ!" ರೇವಣಪ್ಪನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ನಿಮ್ಮಪ್ಪ ಇದೇ ಅಂಗಳದಾಗೆ ಬಿದ್ದು ಸತ್ತ. ಅವನು ಕೇಳಿದ್ನಾ? ನಿಮ್ಮ ತಾತ ಕೇಳಿದ್ನಾ?"

"ಅವ್ರು ಮೆಂಬರ್ ಆಗಿರ್ಲಿಲ್ಲ ಬುದ್ಧಿ."

ರೇವಣಪ್ಪ ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದ.

"ಕೇಳು ಹಂಗಾರೆ. ಹೊಸಾ ಸಸಿ ಇಟ್ಟಿವ್ನಿ. ನೀರಿಲ್ಲ ಅಂದ್ರೆ ಸತ್ತೋಯ್ತವೆ. ಒಂದು ಮೋಟ್ರು ಕೂರಿಸ್ಕಂಡ್ರೆ ಬದುಕ್ತವೆ. ನೀವು ಹೆಂಗೂ ಬದುಕ್ಕಂಡೇ ಇದ್ದೀರಲ್ಲೋ, ಇಷ್ಟು ವರ್ಷದಿಂದ? ನಾಡಿದ್ದು ತರೀಕೆರೆಯಿಂದ ಇಂಜಿನಿಯರು ಬತ್ತಾನೆ. ಬೋರು ನಿಮ್ಮ ಕಾಲೋನಿ ಹೆಸರಾಗೆ ಐತಂತೆ. ಜಾಗ ಬದಲಾಯಿಸ್ಬೇಕಾದ್ರೆ ಕಾಲೋನಿ ಮೆಂಬರು ಅವನ ಕಣ್ಣೆದುರಿಗೇ ಒಪ್ಬೇಕಂತೆ. ಕೆಮ್ತೀನಿ, ಎತ್ತು. ಎತ್ಲಿಲ್ಲ ಅಂದ್ರೆ ಈ ಅಂಗಳಕ್ಕೆ ಬರಬ್ಯಾಡ. ನಿನ್ನ ಗುಡಿಸ್ಲು ಯಾರ ಜಮೀನಾಗೈತೆ ಅಂತ ಗೊತ್ತಲ್ಲ?"

"ಗೊತ್ತು ಬುದ್ಧಿ."

"ಹ್ಞಾಂ. ಅಷ್ಟು ಗೊತ್ತಿದ್ರೆ ಸಾಕು. ಸುಲಿ."

ಮುದ್ದ ಸುಲಿದ.

*

ಇಂಜಿನಿಯರು ಎಳೆ ವಯಸ್ಸಿನವನು. ಎರಡೂ ಕೈಯಲ್ಲಿ ಎಳನೀರು ಹಿಡಿದುಕೊಂಡು ಕೂತಿದ್ದ. "ಕಾಲೋನಿ ಮೆಂಬರು ಬಂದಿಲ್ವಾ?" ಎಂದು ಕೇಳಿದ.

"ಬಂದಿದಾರೆ ಸಾರ್. ಕಿಟಕೀಲಿದಾರೆ," ಎಂದ ಸೆಕ್ರೆಟರಿ ತಮ್ಮಯ್ಯ.

ಇಂಜಿನಿಯರು ಕಿಟಕಿಯ ಕಡೆ ನೋಡಿದ. ಸರಳುಗಳ ಹಿಂದೆ ಒಂದು ಮುಖವಿತ್ತು. ಅವನು ಆ ಮುಖಕ್ಕೆ ಸ್ವಲ್ಪ ತಲೆಬಾಗಿ, ಮತ್ತೆ ಎಳನೀರು ಕುಡಿದ.

ತಮ್ಮಯ್ಯ ಓದಿದ. ಓದಿ ಮುಗಿದ ಮೇಲೆ ಒಳಗಿನ ಕೈಗಳೆಲ್ಲ ಮೇಲೆದ್ದವು. ಕುರುಬರ ಸಣ್ಣಬೀರಪ್ಪನ ಕೈ ಕೊನೆಗೆ ಎದ್ದಿತು, ಆದರೆ ಎದ್ದಿತು. ರೇವಣಪ್ಪ ಕೆಮ್ಮಿದ.

ಕಿಟಕಿಯಲ್ಲಿ ಏನೂ ಆಗಲಿಲ್ಲ.

ರೇವಣಪ್ಪ ಇನ್ನೊಮ್ಮೆ ಕೆಮ್ಮಿದ.

"ನೀರು ಕುಡೀರಿ ಗೌಡ್ರೇ, ಗಂಟ್ಲು ಕೆಟ್ಟಂಗೈತೆ," ಎಂದ ಸಣ್ಣಬೀರಪ್ಪ. ಅವನು ಅದನ್ನು ಕಾಳಜಿಯಿಂದ ಹೇಳಿದನೋ ಹೇಗೋ ಗೊತ್ತಾಗಲಿಲ್ಲ.

ಮೂರನೆಯ ಸಲ ಕೆಮ್ಮು ನಿಜವಾಗಿಯೇ ಬಂತು. ಎಲೆಯಡಿಕೆ ಗಂಟಲಿಗೆ ಸಿಕ್ಕಿ ರೇವಣಪ್ಪನ ಕಣ್ಣಲ್ಲಿ ನೀರು ಬಂತು. "ಲೇ ಮುದ್ದ! ಕೈ ಎತ್ಲಾ!"

"ಯಾತಕ್ಕೆ ಬುದ್ಧಿ?"

ಗಿರಣಿಯ ಸದ್ದಿನಲ್ಲಿ ಒಳಗಿನವರಿಗೆ ಕೇಳಿಸಲಿ ಎಂದು ಮುದ್ದ ಅದನ್ನು ಕೂಗಿಯೇ ಹೇಳಬೇಕಾಯಿತು. ಗಿರಣಿಯ ಮುಂದೆ ರಾಗಿ ಹೊತ್ತು ನಿಂತಿದ್ದವರೆಲ್ಲ ಈ ಕಡೆ ತಿರುಗಿದರು.

"ಸುಮ್ನೆ ಎತ್ತೋ ಸೂಳೆಮಗನೇ!"

"ಅದೇನು ಓದಿದ್ರೋ ಇಲ್ಲಿಗೆ ಕೇಳಿಸ್ಲಿಲ್ಲ. ತಾಳಿ, ಒಳಕ್ಕೇ ಬತ್ತೀನಿ."

ಮುಖ ಕಿಟಕಿಯಿಂದ ಮಾಯವಾಯಿತು. ಹಾಗೆಂದರೇನು ಎಂದು ಒಳಗಿದ್ದವರಿಗೆ ಹೊಳೆಯುವಷ್ಟರಲ್ಲಿ ಮುದ್ದ ಮೆಟ್ಟಿಲು ಹತ್ತಿ ಬಾಗಿಲಲ್ಲಿದ್ದ. ಕಿಟಕಿಯಿಂದ ಕಾಣುತ್ತಿದ್ದದ್ದು ಮೇಜಿನ ಒಂದು ಮೂಲೆ ಮತ್ತು ರೇವಣಪ್ಪನ ಬೆನ್ನು. ಕೋಣೆ ಇಷ್ಟು ಚಿಕ್ಕದು ಎಂದು ಅವನಿಗೆ ಗೊತ್ತಿರಲಿಲ್ಲ. ಸರ್ಕಾರ ಮೆಂಬರುಗಳ ಲೆಕ್ಕಕ್ಕೆ ಸರಿಯಾಗಿ ಕುರ್ಚಿ ಕಳಿಸಿತ್ತು. ಉಳಿದಿದ್ದ ಒಂದರ ಮೇಲೆ ತಮ್ಮಯ್ಯನ ಛತ್ರಿ ಕೂತಿತ್ತು. ಮುದ್ದ ಛತ್ರಿಯನ್ನು ಜೋಪಾನವಾಗಿ ಗೋಡೆಗೆ ಒರಗಿಸಿ, ತಾನು ಕೂತ.

"ಈಗ ಓದಿ ಸಾಮಿ."

ತಮ್ಮಯ್ಯ ರೇವಣಪ್ಪನ ಮುಖ ನೋಡಿದ. ಅಲ್ಲಿ ಏನೂ ಸಿಗದೆ ಇಂಜಿನಿಯರನ ಮುಖ ನೋಡಿದ. ಕೊನೆಗೆ ಅಭ್ಯಾಸಬಲದಿಂದ ಓದಿದ: "ಹರಿಜನ ಕಾಲೋನಿಗೆ ಮಂಜೂರಾದ ಕೊಳವೆಬಾವಿಯನ್ನು, ಸದರಿ ಕಾಲೋನಿಯ ನಿವಾಸಿಗಳ ಕೋರಿಕೆಯ ಮೇರೆಗೆ..."

"ಅಂದ್ರೆ?"

"ನಿಮ್ಮ ಕೇರಿಯೋರು ಕೇಳ್ಕಂಡಿದಾರೆ ಅಂತ."

"ಯಾರೂ ಕೇಳ್ಕಂಡಿಲ್ಲ. ಹಂಗಂತ ಬರ್ಕಳಿ. ಬೋರು ಕೇರೀಲೇ ಆಗ್ಬೇಕು. ಅದನ್ನೂ ಬರ್ಕಳಿ."

ತಮ್ಮಯ್ಯನ ಪೆನ್ನು ಅಲ್ಲೇ ನಿಂತಿತು. ರೇವಣಪ್ಪ ಎದ್ದ. ಅವನ ಕಾಲಿಗೆ ತಾಗಿ ಕುರ್ಚಿ ಹಿಂದಕ್ಕೆ ಬಿತ್ತು.

"ಏಳ್ರೋ ಎಲ್ಲ! ಗುಡಿ ತೊಳೀಬೇಕು. ಈ ಕೇರಿ ಸೂಳೆಮಗನ್ನ ಆಮ್ಯಾಲೆ ತೊಳ್ದರಾಯ್ತು."

ಮೆಂಬರುಗಳೂ ತಮ್ಮಯ್ಯನೂ ಪಂಚೆ ಎತ್ತಿಕಟ್ಟಿ, ಮುದ್ದನಿಗೆ ತಾಗದಂತೆ ಗೋಡೆ ಸವರಿಕೊಂಡು ಹೊರಗೆ ಹೋದರು. ಸಣ್ಣಬೀರಪ್ಪ ಹೊಸ್ತಿಲಲ್ಲಿ ನಿಂತು ತಿರುಗಿದ. "ಎದ್ದು ಬಂದ್ಬಿಡೋ ಮುದ್ದ. ಛೇರ್ಮನ್ನು ಆಳು ಕರ್ಕಂಡು ಬರಾಕೆ ಹೋದ. ಕೊಂದಾಕ್ತಾರೆ." ಇಷ್ಟು ಹೇಳಿ ಅವನೂ ಹೋದ.

ಇಂಜಿನಿಯರು ಖಾಲಿ ಬುರುಡೆಯನ್ನು ಎಲ್ಲಿಡುವುದೆಂದು ತಿಳಿಯದೆ ಮೇಜಿನ ಮೇಲಿಟ್ಟ. "ನನಗೆ ಬಸ್ಸಿಗೆ ಹೊತ್ತಾಯ್ತು," ಎಂದ.

"ಸಾಹೇಬ್ರೇ, ಬೋರು ಎಲ್ಲಿ ಹಾಕ್ತೀರಿ?"

"ಅದು ಸಭೆ ತೀರ್ಮಾನ ಮಾಡಬೇಕಪ್ಪ. ನನ್ನ ಕೈಲೇನಿದೆ? ಸಭೆ ಮುಗೀಲಿ, ತಿಳಿಸಿ."

"ಮುಗೀತು ಅಂತ ಯಾರೂ ಹೇಳ್ಲಿಲ್ವಲ್ಲ?"

ಇಂಜಿನಿಯರು ಸ್ವಲ್ಪ ಯೋಚಿಸಿದ. "ಇಲ್ಲ, ಹೇಳ್ಲಿಲ್ಲ," ಎಂದು ಒಪ್ಪಿಕೊಂಡು, ಫೈಲು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ.

ಮುದ್ದ ಒಬ್ಬನೇ ಕೂತ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಗಿರಣಿ ನಿಂತಿತು. ನಿಲ್ಲಿಸಿದರೋ ಕರೆಂಟು ಹೋಯಿತೋ, ಬೀದಿಯ ಸದ್ದೆಲ್ಲ ಒಮ್ಮೆಗೇ ಒಳಗೆ ಬಂತು. ಮೊದಲು ಬಂದದ್ದು ಹೆಂಗಸರ ಕಾಲುಸದ್ದು.

ಕೆಂಚಮ್ಮ ಮೆಟ್ಟಿಲ ಕೆಳಗೆ ನಿಂತಿದ್ದಳು. ಅವಳ ಹಿಂದೆ ಕೇರಿಯ ಹೆಂಗಸರು. ಗಿರಣಿಯ ಮುಂದಿದ್ದವರಿಂದ ಸುದ್ದಿ ತಿಳಿದು ಬಾವಿಯ ಹತ್ತಿರದಿಂದ ನೆಟ್ಟಗೆ ಬಂದಿದ್ದರಿಂದ ಸೊಂಟದಲ್ಲಿ ಖಾಲಿ ಕೊಡಗಳಿದ್ದವು.

"ಕೇಳಿದ್ಯಾ?" ಎಂದಳು ಅವಳು ಕೆಳಗಿಂದಲೇ.

"ಕೇಳಿದೆ."

"ಏನಂದ್ರು?"

"ಎದ್ದೋದ್ರು."

ಕೆಂಚಮ್ಮ ಮೆಟ್ಟಿಲನ್ನು ನೋಡಿದಳು. ಗಂಡನನ್ನು ನೋಡಿದಳು. ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹತ್ತಿ ಒಳಗೆ ಬಂದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬಳನ್ನು ಒಬ್ಬಳು ತಳ್ಳಿಕೊಂಡು ಹಿಂದೆಯೇ ಬಂದರು. ರೇವಣಪ್ಪನ ಮನೆಯ ಕಡೆಯಿಂದ ಗಂಡಸರ ಕೂಗಾಟ ಕೇಳಿಸಿತು. ಕಲ್ಲಿನ ಮೇಲೆ ದೊಣ್ಣೆ ಎಳೆದ ಸದ್ದೂ ಕೇಳಿಸಿತು.

"ಅವ್ರು ಬತ್ತಾವ್ರೆ ಕಣೋ," ಎಂದಳು ಕೆಂಚಮ್ಮ.

"ಬರ್ಲಿ," ಎಂದ ಮುದ್ದ. "ಮೀಟಿಂಗು ಇನ್ನೂ ಮುಗ್ದಿಲ್ಲ. ಕುರ್ಚಿ ಖಾಲಿ ಅವೆ, ಕೂತ್ಕಳಿ."